ಬೋರ್ಡು ಎಷ್ಟು ದೊಡ್ಡದಿರಬೇಕು? ಮೈಸೂರಿನ ದಿವಾನರು ಮತ್ತು ಜೈಪುರದ ಬಜಾರು

ಮೊನ್ನೆ ಸಂಜೆ ನಮ್ಮ ತಾಲ್ಲೂಕು ಕೇಂದ್ರದ ಪೇಟೆ ಬೀದಿಯಲ್ಲಿ ಅಂಗಡಿ ಬೋರ್ಡುಗಳನ್ನು ಓದುತ್ತಾ ನಡೆದೆವು. ಹೆಸರು ಹುಡುಕುವುದೇ ಕಷ್ಟವಾಯಿತು. ಬೋರ್ಡಿನ ಎಡಕ್ಕೆ ತಂಪುಪಾನೀಯದ ಬಾಟಲಿ, ಬಲಕ್ಕೆ ಮೊಬೈಲ್ ಕಂಪನಿಯ ಲಾಂಛನ, ಮಧ್ಯೆ ಇದ್ದ ಗೇಣಗಲ ಜಾಗದಲ್ಲಿ ಅಂಗಡಿಯ ಹೆಸರು. 'ಬೋರ್ಡು ಕಂಪನಿಯವರೇ ಹಾಕಿಕೊಟ್ಟರು, ನಮಗೇನೂ ಖರ್ಚಿಲ್ಲ' ಎಂದರು ಒಬ್ಬ ಅಂಗಡಿಯವರು. ಅದೇ ಸಾಲಿನ ಕೊನೆಯಲ್ಲಿ ಇನ್ನೂ ಒಂದು ಹಳೇ ಬೋರ್ಡು ಉಳಿದಿದೆ. ತಗಡಿನ ಮೇಲೆ ಎನಾಮಲ್ ಬಣ್ಣ, ಮೇಲ್ಗಡೆ 'ಶ್ರೀ ಮಂಜುನಾಥ ಪ್ರಸನ್ನ', ಅದರ ಕೆಳಗೆ ಅಂಗಡಿಯ ಹೆಸರು, ಮೂಲೆಯಲ್ಲಿ 'ಪ್ರೊ:' ಎಂದು ಮಾಲೀಕರ ಹೆಸರು, ಇನ್ನೊಂದು ಮೂಲೆಯಲ್ಲಿ ಚಿಕ್ಕದಾಗಿ ಬರೆದ ಕಲಾವಿದನ ಸಹಿ. ಅದನ್ನು ಬರೆದವರು ಈಗ ಮನೆಗಳಿಗೆ ಸುಣ್ಣ ಬಣ್ಣ ಬಳಿಯುವ ಕೆಲಸಕ್ಕೆ ಹೋಗುತ್ತಾರೆ.

ಅಂಗಡಿಯ ಮುಖ ಹೇಗಿರಬೇಕು, ಬೋರ್ಡು ಎಷ್ಟು ಅಗಲ, ಎಷ್ಟು ಮುಂದಕ್ಕೆ ಚಾಚಬಹುದು ಎಂದು ಹೇಳಲು ಊರಿಗೆ ಅಧಿಕಾರ ಇದೆಯೇ? ಬೋರ್ಡು ಅವರದು, ಗೋಡೆ ಅವರದು, ಬೀದಿ ಮಾತ್ರ ಎಲ್ಲರದು. ಈ ಜಗಳ ಹೊಸದಲ್ಲ. ಅದರ ಹಿಂದೆ ಬಿದ್ದಾಗ ನಮಗೆ ಸಿಕ್ಕ ದಾರಿ ಮೊದಲು ಲಂಡನ್ನಿಗೆ ಹೋಗಿ, ಆಮೇಲೆ ಜೈಪುರದಲ್ಲಿ ನಮ್ಮ ಮೈಸೂರಿನವರೊಬ್ಬರ ಬಳಿಗೇ ಬಂದು ನಿಂತಿತು.

ಲಂಡನ್ನಿನ ಕಥೆಯನ್ನು ಬೇಗ ಮುಗಿಸುತ್ತೇವೆ. ಓದು ಬರಹ ಬಾರದ ಗಿರಾಕಿಗಳೇ ಹೆಚ್ಚಿದ್ದ ಕಾಲದಲ್ಲಿ ಅಲ್ಲಿನ ಅಂಗಡಿಗಳಿಗೆ ಚಿತ್ರವೇ ಹೆಸರು. ಸಿಂಹ, ಕಿರೀಟ, ಬೂಟು, ಸಕ್ಕರೆಯ ಗೋಪುರ. ಕಬ್ಬಿಣದ ತೋಳುಗಳಿಗೆ ನೇತುಹಾಕಿದ ಈ ಮರದ ಬೋರ್ಡುಗಳು ಪಕ್ಕದವನದಕ್ಕಿಂತ ಮುಂದೆ ಕಾಣಬೇಕೆಂಬ ಹಟದಲ್ಲಿ ಬೀದಿಯ ನಡುವಿನವರೆಗೂ ಬೆಳೆದವು. ಗಾಳಿ ಬಂದರೆ ಬೀದಿಯೆಲ್ಲ ಕಿರ್ರೆನ್ನುತ್ತಿತ್ತು. 1718ರಲ್ಲಿ ಒಂದು ಬೋರ್ಡಿನ ಭಾರಕ್ಕೆ ಮನೆಯ ಮುಂಗೋಡೆಯೇ ಕಿತ್ತುಬಂದು ನಾಲ್ವರು ಸತ್ತರು. ಅಂತೂ 1760ರ ದಶಕದಲ್ಲಿ ವೆಸ್ಟ್‌ಮಿನ್‌ಸ್ಟರ್ ಮತ್ತು ಲಂಡನ್ ನಗರಗಳಲ್ಲಿ ನೇತಾಡುವ ಬೋರ್ಡುಗಳನ್ನು ಇಳಿಸಿ ಗೋಡೆಗೆ ಒರಗಿಸಲು ಕಾನೂನಾಯಿತು. ಹತ್ತಿರ ಹತ್ತಿರ ಅದೇ ಕಾಲಕ್ಕೆ ಪ್ಯಾರಿಸ್‌ನಲ್ಲೂ ಅದೇ ಆಯಿತು. ಬೋರ್ಡು ಇಳಿದ ಮೇಲೆ ಅಂಗಡಿ ಗುರುತಿಸುವುದು ಹೇಗೆ? ಆಗ ಬಂದದ್ದು ಬಾಗಿಲ ಸಂಖ್ಯೆ. ಇವತ್ತು ನಾವು ವಿಳಾಸದಲ್ಲಿ ಬರೆಯುವ ಮನೆ ನಂಬರಿನ ಹಿಂದೆ ಹೀಗೊಂದು ಬೋರ್ಡಿನ ಜಗಳವೂ ಇದೆ.

ಕಿಟಕಿಯದ್ದೂ ಇದೇ ಪಾಡು. ಸರಕು ಕಾಣಲಿ ಎಂದು ಗಾಜಿನ ಕಿಟಕಿಯನ್ನು ಹೊಟ್ಟೆಯಂತೆ ಬೀದಿಗೆ ಉಬ್ಬಿಸಿ ಕಟ್ಟುತ್ತಿದ್ದರು. 1774ರ ಕಟ್ಟಡ ಕಾಯ್ದೆ ಅದಕ್ಕೆ ಅಳತೆ ಹಾಕಿತು: ಅಗಲದ ಬೀದಿಯಲ್ಲೂ ಹತ್ತು ಇಂಚಿಗಿಂತ ಮುಂದೆ ಬರುವಂತಿಲ್ಲ. ಆಮೇಲೆ 1845ರಲ್ಲಿ ಗಾಜಿನ ಮೇಲಿನ ಸುಂಕ ಹೋಯಿತು, 1851ರಲ್ಲಿ ಕಿಟಕಿ ತೆರಿಗೆ ಹೋಯಿತು, ದೊಡ್ಡ ದೊಡ್ಡ ಗಾಜಿನ ಹಾಳೆಗಳು ಅಂಗಡಿಯ ಮುಖವನ್ನೇ ತುಂಬಿದವು. ನಮ್ಮ ಕಡೆ ಆ ಗಾಜು ಬರಲು ಬಹಳ ಕಾಲ ಹಿಡಿಯಿತು. ನಮ್ಮ ಪೇಟೆಗಳಲ್ಲಿ ಇದ್ದದ್ದು ಹಲಗೆ ಬಾಗಿಲು. ಬೆಳಿಗ್ಗೆ ಒಂದೊಂದೇ ಹಲಗೆ ತೆಗೆದು ಗೋಡೆಗೆ ಒರಗಿಸಿದರೆ ಅಂಗಡಿ ಪೂರ್ತಿ ತೆರೆದಂತೆ. ಜಗಲಿಯೇ ಕಿಟಕಿ, ಜಗಲಿಯ ಮೇಲೆ ಕೂತ ಸಾಹುಕಾರರೇ ಬೋರ್ಡು.

ಈಗ ಜೈಪುರಕ್ಕೆ ಬರೋಣ. 1727ರಲ್ಲಿ ಸವಾಯಿ ಜಯಸಿಂಹ ಕಟ್ಟಿಸಿದ ಊರು. ಬಯಲಿನಲ್ಲಿ ಗೆರೆ ಎಳೆದು, ಚೌಕಗಳಾಗಿ ಹಂಚಿ, ನೇರ ರಾಜಬೀದಿಗಳನ್ನಿಟ್ಟು ಮಾಡಿದ ಪಟ್ಟಣ. ಯೋಜನೆಯಲ್ಲಿ ಬಂಗಾಳ ಮೂಲದ ವಿದ್ಯಾಧರ ಭಟ್ಟಾಚಾರ್ಯರ ಕೈ ಇತ್ತು. ಬೇರೆ ಊರುಗಳಲ್ಲಿ ಅಂಗಡಿಗಳು ತಾವಾಗಿ ಬೆಳೆದು ಆಮೇಲೆ ನಿಯಮ ಬಂದರೆ, ಇಲ್ಲಿ ನಿಯಮ ಮೊದಲು, ಅಂಗಡಿ ಆಮೇಲೆ. ರಾಜಬೀದಿಯ ಎರಡೂ ಬದಿ ಒಂದೇ ಅಳತೆಯ, ಒಂದೇ ಎತ್ತರದ ಅಂಗಡಿ ಸಾಲು. ಹಿಂದಿನ ಹವೇಲಿ ಎಷ್ಟೇ ದೊಡ್ಡದಿರಲಿ, ಬೀದಿಗೆ ತೋರುವ ಮುಖ ಸಾಲಿಗೆ ಹೊಂದಬೇಕು. 1876ರಲ್ಲಿ ವೇಲ್ಸ್ ರಾಜಕುಮಾರ ಬರುವಾಗ ಮಹಾರಾಜ ರಾಮಸಿಂಹ ಊರಿಗೆಲ್ಲ ಒಂದೇ ಬಣ್ಣ ಬಳಿಸಿದರೆಂಬುದು ಎಲ್ಲರೂ ಹೇಳುವ ಕಥೆ. ಗುಲಾಬಿ ನಗರ ಎನ್ನುತ್ತಾರೆ, ಫೋಟೊಗಳಲ್ಲಿ ನಮಗೆ ಕಾಣುವುದು ಗೇರು, ಕಾವಿ ಮಣ್ಣಿನ ಬಣ್ಣ.

ಈ ಊರಿಗೆ 1942ರಲ್ಲಿ ಪ್ರಧಾನಮಂತ್ರಿಯಾಗಿ ಹೋದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ನಮ್ಮ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು. ಬೃಂದಾವನದ ಉದ್ಯಾನ ಎಂದರೆ ಇವರ ಹೆಸರು ನೆನಪಾಗುತ್ತದೆ. ಊರು ಚೆಂದ ಕಾಣಬೇಕು ಎಂಬುದು ಅವರಿಗೆ ಒಂದು ಹುಚ್ಚೇ ಆಗಿತ್ತು. ಬೆಳಿಗ್ಗೆ ಬೀದಿ ಸುತ್ತಿ ಚರಂಡಿ, ದೀಪದ ಕಂಬ, ಗಿಡ ನೋಡಿಕೊಂಡು ಬರುತ್ತಿದ್ದ ದಿವಾನರು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಅವರು ಬೆಳೆದ ಮೈಸೂರು ಕೂಡ ಸಾಮಾನ್ಯದ್ದಲ್ಲ. 1903ರಲ್ಲೇ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಮಾಡಿಕೊಂಡ ಊರು ಅದು.

ಜೈಪುರದಲ್ಲಿ ಅವರ ಕಾಲದಲ್ಲಿ ಬಜಾರುಗಳ ಅಂಗಡಿ ಸಾಲಿನ ಮುಂದೆ ಕಂಬ, ಕಮಾನುಗಳ ವರಾಂಡಗಳು ಎದ್ದವು. ರಾಜಸ್ಥಾನದ ಬಿಸಿಲಿನಲ್ಲಿ ಗಿರಾಕಿ ನೆರಳಲ್ಲೇ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆಯಬಹುದು. ಕೋಟೆಯ ದಕ್ಷಿಣಕ್ಕೆ ಹೊರಗಡೆ ಅಗಲದ ಹೊಸ ರಸ್ತೆಯೂ ಆಯಿತು. ಅದಕ್ಕೆ ಇಂದಿಗೂ ಎಂ.ಐ. ರೋಡ್ ಎಂದೇ ಹೆಸರು. ಜೈಪುರಕ್ಕೆ ಪ್ರವಾಸ ಹೋದ ನಮ್ಮವರೆಷ್ಟೋ ಮಂದಿ ಆ ರಸ್ತೆಯಲ್ಲಿ ಲಸ್ಸಿ ಕುಡಿದು ಬಂದಿದ್ದಾರೆ. 'ಎಂ.ಐ.' ಎಂದರೆ ಮೈಸೂರಿನ ಮಿರ್ಜಾ ಎಂದು ಅವರಲ್ಲಿ ಎಷ್ಟು ಜನರಿಗೆ ಹೊಳೆದಿರಬಹುದು?

ಹಳೇ ಪಟ್ಟಣದ ಬಜಾರಿನಲ್ಲಿ ಈಗಲೂ ಕಣ್ಣಿಗೆ ಬೀಳುವುದು ಬೋರ್ಡುಗಳ ಸಾಲು. ಕಮಾನಿನ ಮೇಲೆ ಒಂದೇ ಅಳತೆಯ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಅಕ್ಷರ, ಪಕ್ಕದಲ್ಲಿ ಅಂಗಡಿಯ ನಂಬರು. ಚಿನ್ನದ ವ್ಯಾಪಾರಿಗೂ ಅಷ್ಟೇ ಜಾಗ, ಬಳೆ ಮಾರುವವನಿಗೂ ಅಷ್ಟೇ. ಇದನ್ನು ನೋಡಿದಾಗ ನಮ್ಮೊಳಗೆ ಎರಡು ಅಭಿಪ್ರಾಯ ಬಂದವು. ಒಬ್ಬರಿಗೆ ಇದು ಶಾಲಾ ಸಮವಸ್ತ್ರದಂತೆ ಕಂಡಿತು. ಚಿತ್ರವಿಲ್ಲ, ಬಣ್ಣವಿಲ್ಲ, ಬರೆಯುವವನ ಕೈಗೆ ಆಟವಿಲ್ಲ. ಉಳಿದವರು ಹೇಳಿದ್ದು ಇಷ್ಟು: ಸಮವಸ್ತ್ರದ ಲಾಭ ಯಾವಾಗಲೂ ಬಡ ಮಗುವಿಗೆ. ಆ ಬಿಳಿ ಪಟ್ಟಿಯಲ್ಲಿ ತಂಪುಪಾನೀಯದ ಬಾಟಲಿಗೆ ಜಾಗವೇ ಇಲ್ಲ.

ಆದರೆ ನಿಯಮ ಬರೆದಿಟ್ಟರೆ ಸಾಲದು. ಮಿರ್ಜಾ ಕಾಲದ ವರಾಂಡಗಳು ನಿಧಾನವಾಗಿ ಅಂಗಡಿಗಳ ಹೊಟ್ಟೆಗೆ ಹೋದವು. ಮೊದಲು ಒಂದು ಸ್ಟೂಲು, ಆಮೇಲೆ ಗಾಜಿನ ಪೆಟ್ಟಿಗೆ, ಆಮೇಲೆ ಶಟರು. ನೆರಳಲ್ಲಿ ನಡೆಯುತ್ತಿದ್ದ ಜನ ಬಿಸಿಲಿಗೆ, ವಾಹನಗಳ ನಡುವಿಗೆ ಇಳಿದರು. 2000ದ ಸುಮಾರಿಗೆ 'ಆಪರೇಷನ್ ಪಿಂಕ್' ಎಂಬ ಹೆಸರಿನಲ್ಲಿ ನಗರಪಾಲಿಕೆ ಈ ಒತ್ತುವರಿಗಳನ್ನು ತೆರವು ಮಾಡಿ ವರಾಂಡಗಳನ್ನು ಮತ್ತೆ ನಡೆಯುವವರಿಗೆ ಕೊಡಿಸಿತು. ವ್ಯಾಪಾರಿಗಳ ಪ್ರತಿಭಟನೆಯೂ ಆಯಿತು. 2019ರಲ್ಲಿ ಜೈಪುರ ಯುನೆಸ್ಕೋ ಪಟ್ಟಿ ಸೇರಿದಾಗ ಅದರ ವಿವರಣೆಯಲ್ಲಿ ಮುಖ್ಯವಾಗಿ ಹೇಳಿದ ಸಂಗತಿಗಳಲ್ಲಿ ರಾಜಬೀದಿಯ ಉದ್ದಕ್ಕೂ ಸಾಗುವ ಈ ಕಂಬಸಾಲಿನ ಅಂಗಡಿಗಳೂ ಇದ್ದವು.

ಮೈಸೂರಿನಲ್ಲಿ ಏನಾಯಿತು ಎಂದು ಕೇಳಬೇಡಿ ಎನ್ನುವಂತಿಲ್ಲ, ಕೇಳಲೇಬೇಕು. ದೊಡ್ಡ ಗಡಿಯಾರದ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡಕ್ಕೂ ಇಂಥದ್ದೇ ಉದ್ದನೆಯ ವರಾಂಡ. ಹಳೇ ಪುಸ್ತಕ ಹುಡುಕಿಕೊಂಡು ಹೋಗುತ್ತಿದ್ದವರಿಗೆ ಅದರ ನೆರಳು ಗೊತ್ತು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಬಳಿಕ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕಟ್ಟಡದ ಮುಖದ ಬಗ್ಗೆ ಪಾರಂಪರಿಕ ಸಮಿತಿಗಳು ಮಾತಾಡುತ್ತಿದ್ದಾಗ ಮಾಡಿನ ತೊಲೆಯನ್ನು ನೋಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು. ಲಂಡನ್ನಿನಲ್ಲಿ 1718ರಲ್ಲಿ ಬಿದ್ದದ್ದು ಬೋರ್ಡಿನ ಭಾರಕ್ಕೆ, ಇಲ್ಲಿ ಬಿದ್ದದ್ದು ಅಲಕ್ಷ್ಯದ ಭಾರಕ್ಕೆ. ಎರಡೂ ಕಡೆ ಸತ್ತದ್ದು ನಾಲ್ವರೇ.

ನಮ್ಮಲ್ಲಿ ಬೋರ್ಡಿನ ನಿಯಮ ಎಂದರೆ ಭಾಷೆಯ ನಿಯಮ. 2024ರಲ್ಲಿ ಬೋರ್ಡಿನ ಶೇ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು ಕಾನೂನು ಬಿಗಿಯಾಯಿತು. ಅದು ಬೇಕಾಗಿತ್ತು, ಅದರ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಅದಕ್ಕೂ ಮೊದಲು 2018ರಲ್ಲಿ ಹೈಕೋರ್ಟ್ ಬೆಂಗಳೂರಿನ ಅಕ್ರಮ ಫ್ಲೆಕ್ಸ್‌ಗಳನ್ನು ಇಳಿಸಿತ್ತು. ಆದರೆ ಶೇ 60 ಯಾವುದರ ಶೇ 60? ಬೋರ್ಡು ಅಂಗಡಿಗಿಂತ ದೊಡ್ಡದಾದರೆ, ಅದು ಮಹಡಿ ಮನೆಯ ಕಿಟಕಿ ಮುಚ್ಚಿದರೆ, ಕಂಪನಿಯ ಬಾಟಲಿ ಕನ್ನಡದಲ್ಲೇ ಮಾತಾಡಿದರೆ? ಕೆಲವು ಕಡೆ ಹೊಸ ಬೋರ್ಡನ್ನೂ ಕಂಪನಿಯವರೇ ಪುಕ್ಕಟೆ ಹಾಕಿಕೊಟ್ಟರು. ಅಕ್ಷರ ಕನ್ನಡವಾಯಿತು, ಹೆಸರಿನ ಜಾಗ ಅದೇ ಗೇಣಗಲ.

ಆ ಹಳೇ ತಗಡಿನ ಬೋರ್ಡು ಬರೆದವರನ್ನು ಹುಡುಕಿಕೊಂಡು ಹೋದೆವು. ಕನ್ನಡ ಬೋರ್ಡಿನ ಗಲಾಟೆಯಲ್ಲಿ ಕೆಲಸ ಏನಾದರೂ ಬಂತಾ ಅಣ್ಣ ಎಂದು ಕೇಳಿದೆವು. ಮೂರು ಬಂತಂತೆ. ಎರಡು ಅಂಗಡಿಯವರು ಇಂಗ್ಲಿಷ್ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದು ಕನ್ನಡ ಬರೆಯಿಸಿಕೊಂಡರು. ಮೂರನೆಯವರು ಮೂಲೆಯಲ್ಲಿದ್ದ ಅವರ ಸಹಿಯನ್ನು ಅಳಿಸಲು ಹೇಳಿದರು, ಅಲ್ಲಿ ಫೋನ್ ನಂಬರು ಬರಬೇಕಿತ್ತು.