ಬೀಜ ಕಾಯ್ದವರ ಹೊಲ

ಸವದತ್ತಿ ಸೀಮೆಯ ನಮ್ಮ ಎರಿಹೊಲದ ಚರಿತ್ರೆಯನ್ನು ಮಲಪ್ರಭೆಯಿಂದಲೇ ಶುರು ಮಾಡಬೇಕು. ಕಣಕುಂಬಿಯಲ್ಲಿ ಹುಟ್ಟಿ, ಬೈಲಹೊಂಗಲ, ಸವದತ್ತಿ, ರಾಮದುರ್ಗದ ನೆಲ ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ ಇದು. ಆದರೂ ಮುತ್ತಜ್ಜನ ಕಾಲಕ್ಕೆ ನಮ್ಮದು ಮಳೆ ನಂಬಿದ ಬೇಸಾಯ: ಬಿಳಿಜೋಳ, ಕಡಲೆ, ಕುಸುಬಿ, ಹತ್ತಿ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ ಈ ಭಾಗದ ಅರಳೆಗೆ ಭಾರಿ ಬೆಲೆ ಬಂದಿತ್ತು.

ಕಾಯಿಪಲ್ಲೆ ಮಾತ್ರ ಹೆಂಗಸರ ಪಾಲಿನ ಕೆಲಸ. ಅಜ್ಜಿ ಜೋಳದ ನಡುವೆ ಅಕ್ಕಡಿಯಾಗಿ ಅವರೆ, ಬದುವಿಗೆ ಪುಂಡಿ, ಬಾವಿ ಪಕ್ಕದ ಮಡಿಗಳಲ್ಲಿ ಬದನೆ, ಮೆಣಸಿನಗಿಡ ಹಾಕುತ್ತಿದ್ದಳು. ಬೀಜಕ್ಕೆಂದು ಬಿಟ್ಟ ಸವತಿಕಾಯಿ ಬಳ್ಳಿಯಲ್ಲೇ ಹಣ್ಣಾಗಬೇಕು. ಅದರ ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ, ಗಡಿಗೆಗೆ ತುಂಬಿ ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಮುಂದಿನ ಮಳೆಗಾಲದವರೆಗೆ ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆ ನೀರು ಹರಿಯಿತು. ಅದಕ್ಕಾಗಿ ಹಳ್ಳಿಗಳು ಮುಳುಗಿದವು. ನೀರಿನ ಹಿಂದೆಯೇ ಕರದ ಭಾರವೂ ಬಂತು. 1980ರ ಜುಲೈ 21ರಂದು ಆ ಕರದ ವಿರುದ್ಧದ ನರಗುಂದ-ನವಲಗುಂದದ ಹೋರಾಟದಲ್ಲಿ ರೈತರು ಪ್ರಾಣ ಕೊಟ್ಟರು. ಇಂದಿನ ನೀರಾವರಿಯನ್ನು ನೆನೆವಾಗ ಆ ಋಣವನ್ನೂ ನೆನೆಯಬೇಕು.

ಈಗ ಅಣ್ಣ, ಅತ್ತಿಗೆ ಉಳ್ಳಾಗಡ್ಡಿ, ಬದನೆ ಬೆಳೆದು ಬೈಲಹೊಂಗಲದ ಸಂತೆಗೆ ಒಯ್ಯುತ್ತಾರೆ. ಸಸಿಮಡಿ, ಕಳೆ, ಕೊಯ್ಲು, ಲೆಕ್ಕ ಎಲ್ಲದರಲ್ಲೂ ಅತ್ತಿಗೆಯದೇ ಮುಂದಾಳ್ತನ. ಹೊಲದ ಉತಾರದಲ್ಲಿ ಮಾತ್ರ ಇಂದಿಗೂ ಗಂಡಸರ ಹೆಸರುಗಳೇ ಇವೆ. 1824ರಲ್ಲಿ ಕಿತ್ತೂರಿನ ಚೆನ್ನಮ್ಮ ಇಂಗ್ಲಿಷರ ವಿರುದ್ಧ ನಿಂತ ನಾಡಿದು. ಇಲ್ಲಿ ಬೀಜ ಕಾಯ್ದ ಹೆಂಗಸರ ಹೆಸರೂ ಉತಾರಕ್ಕೆ ಏರಲೇಬೇಕು.