ದೀರ್ಘ ಜಾಹೀರಾತುಗಳ ಪ್ರರೋಚನಕ್ರಮ

ನಾಟಕದ ಆದಿಯಲ್ಲಿ ಸೂತ್ರಧಾರನು ಕವಿಯನ್ನೂ ಕಥಾವಸ್ತುವನ್ನೂ ಪ್ರಶಂಸಿಸಿ, ಪ್ರೇಕ್ಷಕರ ಮನಸ್ಸನ್ನು ಪ್ರಯೋಗದ ಕಡೆಗೆ ತಿರುಗಿಸಿಕೊಳ್ಳುವುದುಂಟು. ಇದಕ್ಕೆ ನಾಟ್ಯಶಾಸ್ತ್ರಕಾರರು ಪ್ರರೋಚನೆಯೆಂದು ಹೆಸರಿಟ್ಟಿರುವರು. ಪ್ರರೋಚನೆಯು ಸ್ವತಃ ದೋಷವಲ್ಲ. ಅದರ ಬೆನ್ನಿಗೇ ನಾಟಕವು ಬರುವುದರಿಂದ ಹೊಗಳಿಕೆಯು ದಿಟವೋ ಸಟೆಯೋ ಎಂಬುದು ಆ ರಾತ್ರಿಯೇ ತೀರ್ಮಾನವಾಗುವುದು. ಆದರೆ ನಾಟಕವೇ ಇಲ್ಲದೆ ಬರಿಯ ಪ್ರರೋಚನೆಯು ಅರ್ಧ ಗಂಟೆಯ ಕಾಲ ನಡೆದು, ಕಡೆಯಲ್ಲಿ ಹಣವನ್ನು ಕಳುಹಿಸಿರೆಂಬ ವಿಧಿವಾಕ್ಯದೊಡನೆ ಮುಗಿದರೆ ಅದನ್ನು ಏನೆಂದು ಕರೆಯತಕ್ಕದ್ದು? ಅಮೇರಿಕಾ ದೇಶದವರು ಇದನ್ನು ಇನ್ಫೋಮರ್ಷಿಯಲ್ ಎಂದು ಕರೆದರು. ಮಾಹಿತಿಯೆಂಬ ಅರ್ಥದ ಒಂದು ಪದವನ್ನೂ ಜಾಹೀರಾತೆಂಬ ಅರ್ಥದ ಇನ್ನೊಂದನ್ನೂ ಬೆಸೆದುದರಿಂದ ಈ ಹೆಸರು ಹುಟ್ಟಿತು. ಟೆಲಿವಿಷನ್ನಿನಲ್ಲಿ ಇದರ ವಾಡಿಕೆಯ ಪ್ರಮಾಣವು 28 ನಿಮಿಷ 30 ಸೆಕೆಂಡು. ನಮ್ಮ ದೇಶದ ಮನೆಗಳೊಳಕ್ಕೂ ಇದು ಪ್ರವೇಶಿಸಿರುವುದರಿಂದ ಇದರ ಚರಿತ್ರೆಯನ್ನೂ ಇದು ಜನರನ್ನು ಒಪ್ಪಿಸುವ ಕ್ರಮವನ್ನೂ ವಿಚಾರಮಾಡುವುದು ನಿಷ್ಪ್ರಯೋಜನವಾಗಲಾರದು.

ಟೆಲಿವಿಷನ್ನು ಹುಟ್ಟುವುದಕ್ಕೆ ಮುಂಚೆಯೇ ಈ ವಿದ್ಯೆಯು ಹುಟ್ಟಿತ್ತು. ಹತ್ತೊಂಬತ್ತನೆಯ ಶತಮಾನದ ಅಮೇರಿಕಾದಲ್ಲಿ ಔಷಧ ಮಾರುವವರು ಗಾಡಿಗಳಲ್ಲಿ ಊರಿಂದೂರಿಗೆ ಹೋಗಿ, ಹಾಡು ಕುಣಿತ ಹಾಸ್ಯಗಳಿಂದ ಜನರನ್ನು ನೆರೆಯಿಸಿ, ನಡುನಡುವೆ ಸೀಸೆಗಳನ್ನು ಮಾರುತ್ತಿದ್ದರು. ಅವರ ಪೈಕಿ ಕ್ಲಾರ್ಕ್ ಸ್ಟಾನ್ಲಿ ಎಂಬವನು 1893 ರಲ್ಲಿ ಷಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಜನರ ಕಣ್ಣೆದುರಿಗೇ ಹಾವನ್ನು ಸೀಳಿ, ಕುದಿಯುವ ನೀರಿಗೆ ಹಾಕಿ, ಮೇಲೆ ತೇಲಿದ ಕೊಬ್ಬನ್ನು ತೆಗೆದು ನೋವಿನ ಎಣ್ಣೆಯೆಂದು ಮಾರಿದನೆಂದು ಪ್ರಸಿದ್ಧಿಯುಂಟು. 1906 ರಲ್ಲಿ ಆಹಾರ ಮತ್ತು ಔಷಧಗಳ ಶುದ್ಧಿಯ ಕಾನೂನು ಬಂದಿತು. ಸುಮಾರು ಹತ್ತು ವರ್ಷಗಳ ತರುವಾಯ ಸರಕಾರದವರು ಅವನ ಎಣ್ಣೆಯನ್ನು ಪರೀಕ್ಷಿಸಲು, ಅದರಲ್ಲಿ ಮುಖ್ಯವಾಗಿ ಕಂಡುಬಂದದ್ದು ಖನಿಜತೈಲ. ಕೊಬ್ಬು ನೂರಕ್ಕೆ ಒಂದು ಪಾಲು ಮಾತ್ರ, ಅದೂ ದನದ ಕೊಬ್ಬಿದ್ದೀತೆಂದು ಅವರ ಅಭಿಪ್ರಾಯ. ಜನರು ಕಂಡ ಹಾವು ನಿಜವಾದ ಹಾವೇ. ಕೊಂಡ ಸೀಸೆಯಲ್ಲಿ ಮಾತ್ರ ಹಾವು ಇರಲಿಲ್ಲ. ಸ್ಟಾನ್ಲಿಗೆ ವಿಧಿಸಿದ ದಂಡವು 20 ಡಾಲರುಗಳು.

ಬಳಿಕ ರೇಡಿಯೋ ಬಂದಿತು. ಕ್ಯಾನ್ಸಸ್ ಪ್ರಾಂತದ ಮಿಲ್ಫರ್ಡ್ ಎಂಬ ಸಣ್ಣ ಊರಿನಲ್ಲಿ ಜಾನ್ ಬ್ರಿಂಕ್ಲಿ ಎಂಬ ವೈದ್ಯನು 1923 ರಲ್ಲಿ ಸ್ವಂತ ರೇಡಿಯೋ ನಿಲಯವನ್ನು ಸ್ಥಾಪಿಸಿದನು. ಇವನು ಹೋತದ ವೃಷಣಗಳನ್ನು ಮನುಷ್ಯರಿಗೆ ಕಸಿಮಾಡಿ ಯೌವನವನ್ನು ಮರಳಿ ಕೊಡುವೆನೆಂದು ಸಾರುತ್ತಿದ್ದವನು. ರೋಗಿಗಳು ಬರೆದ ಕಾಗದಗಳನ್ನು ರೇಡಿಯೋದಲ್ಲಿ ಓದಿ, ಅವರನ್ನು ನೋಡದೆಯೇ ಅಂಕೆಗಳಿಂದ ಗುರುತಿಸಿದ ಔಷಧಗಳನ್ನು ಹೇಳುತ್ತಿದ್ದನು; ಔಷಧದಂಗಡಿಗಳವರು ಮಾರಾಟದಲ್ಲಿ ಅವನಿಗೆ ಪಾಲು ಕೊಡುತ್ತಿದ್ದರು. 1930 ರಲ್ಲಿ ಅವನ ವೈದ್ಯವೃತ್ತಿಯ ಪರವಾನಗಿಯೂ ರೇಡಿಯೋ ಪರವಾನಗಿಯೂ ರದ್ದಾದುವು. ಆದರೂ ಅವನು ಮೆಕ್ಸಿಕೋ ದೇಶದ ಗಡಿಯೊಳಗೆ ಹೊಸ ನಿಲಯವನ್ನು ಕಟ್ಟಿ ಅಲ್ಲಿಂದ ಮಾತಾಡತೊಡಗಿದನು.

ಟೆಲಿವಿಷನ್ನಿನಲ್ಲಿ ಅರ್ಧ ಗಂಟೆಯ ಜಾಹೀರಾತನ್ನು ಮೊದಲು ನಡೆಯಿಸಿದವರು ತಾವೆಂದು ಅರೆಯುವ ಯಂತ್ರಗಳನ್ನು ಮಾಡುವ ವೈಟಮಿಕ್ಸ್ ಕಂಪೆನಿಯವರು ಹೇಳಿಕೊಳ್ಳುವರು. ಅದರ ಸ್ಥಾಪಕನಾದ ಬಾರ್ನಾರ್ಡನು 1949 ರಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಯಂತ್ರವನ್ನು ಪ್ರಯೋಗಿಸಿ ತೋರಿಸಿದನು. ಅನಂತರದವರಲ್ಲಿ ಪ್ರಸಿದ್ಧನು ರಾನ್ ಪೊಪೀಲ್ (1935-2021). ಇವನು ಷಿಕಾಗೋದ ಬೀದಿ ಸಂತೆಯಲ್ಲಿ ನಿಂತು, ತಂದೆಯು ನಿರ್ಮಿಸಿದ ಅಡಿಗೆಯ ಉಪಕರಣಗಳನ್ನು ಕೂಗಿ ಮಾರಿ ಕಲಿತವನು. ಆ ಉಪಕರಣಗಳು ತರಕಾರಿಯನ್ನು ಎಷ್ಟು ಬೇಗ ಹೆಚ್ಚುತ್ತಿದ್ದುವೆಂದರೆ, ದಿನವೆಲ್ಲ ತೋರಿಸುವುದಕ್ಕೆ ಬೇಕಾದಷ್ಟು ತರಕಾರಿಯನ್ನು ಹೊತ್ತು ತರುವುದು ಮಾರುವವರಿಗೆ ಕಷ್ಟವಾಯಿತು. ಆದುದರಿಂದ ಪ್ರಯೋಗವನ್ನು ಒಂದು ಸಲ ಚಿತ್ರೀಕರಿಸಿ ಪ್ರಸಾರಮಾಡುವ ಪದ್ಧತಿಯು ಹುಟ್ಟಿತೆಂದು ಹೇಳುವರು.

ಆ ದೇಶದಲ್ಲಿ ಗಂಟೆಗೆ 16 ನಿಮಿಷಗಳಿಗಿಂತ ಹೆಚ್ಚು ಜಾಹೀರಾತು ಇರಬಾರದೆಂಬ ಕಟ್ಟಳೆಯಿದ್ದಿತು. 1984 ರಲ್ಲಿ ಪ್ರಸಾರ ನಿಯಂತ್ರಣ ಮಂಡಲಿಯವರು ಇದನ್ನು ತೆಗೆದುಹಾಕಿದರು. ನೋಡುವವರು ಕಡಮೆಯಾದ ನಡುರಾತ್ರಿಯ ಹೊತ್ತು ಅಗ್ಗವಾಗಿ ದೊರೆಯುತ್ತಿದ್ದುದರಿಂದ ವ್ಯಾಪಾರಿಗಳು ಅದನ್ನು ಇಡಿಯಾಗಿ ಕೊಳ್ಳತೊಡಗಿದರು. ಕಟ್ಟಳೆಯು ಸಡಿಲಿದೊಡನೆ ಗಾಡಿಯ ವೈದ್ಯನ ಆಟವು ಮನೆಯ ಪಡಸಾಲೆಯೊಳಕ್ಕೆ ಬಂದಿತೆಂದು ತಾತ್ಪರ್ಯ.

ಇನ್ನು ಇವು ಜನರನ್ನು ಒಪ್ಪಿಸುವ ಬಗೆಯನ್ನು ನೋಡೋಣ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನಾಲ್ಕು ಪ್ರಮಾಣಗಳನ್ನು ಹೇಳುವರು. ದೀರ್ಘ ಜಾಹೀರಾತು ಈ ನಾಲ್ಕರಲ್ಲಿ ಒಂದನ್ನೂ ಬಿಡುವುದಿಲ್ಲ. ನಾಲ್ಕರ ವೇಷವನ್ನೂ ಧರಿಸುವುದು.

ಮೊದಲನೆಯದು ಪ್ರತ್ಯಕ್ಷ. ಚೂರಿಯು ತಗಡನ್ನು ಕೊಯ್ದು, ಒಡನೆಯೇ ಟೊಮೇಟೋ ಹಣ್ಣನ್ನೂ ತೆಳ್ಳಗೆ ಕೊಯ್ಯುವುದು. 1978 ರಲ್ಲಿ ಬಂದ ಗಿನ್ಸು ಎಂಬ ಚೂರಿಯನ್ನು ಹೀಗೆಯೇ ಮಾರಿದರು. ಹೆಸರು ಜಪಾನಿನದೆಂಬಂತೆ ಕೇಳಿಸಿದರೂ ಚೂರಿಯು ಅಮೇರಿಕಾದ ಒಹಾಯೋ ಪ್ರಾಂತದಲ್ಲಿ ತಯಾರಾದುದು. ಕಣ್ಣು ಕಂಡದ್ದು ಸುಳ್ಳಲ್ಲದಿರಬಹುದು. ಆದರೆ ಎಷ್ಟು ಸಲ ಚಿತ್ರೀಕರಿಸಿದುದರಲ್ಲಿ ಯಾವುದನ್ನು ಆರಿಸಿದರೆಂಬುದನ್ನು ಕಣ್ಣು ಕಾಣದು. ಅಲ್ಲದೆ, ತಗಡನ್ನು ಕೊಯ್ಯುವ ಕೆಲಸವು ಯಾರ ಅಡಿಗೆಮನೆಯಲ್ಲಿಯೂ ಇಲ್ಲ.

ಎರಡನೆಯದು ಅನುಮಾನ. ಸ್ಥೂಲಕಾಯನೊಬ್ಬನ ಚಿತ್ರವನ್ನು ತೋರಿಸಿ, ಬಳಿಕ ಅವನೇ ಕೃಶನಾದುದನ್ನು ತೋರಿಸುವರು. ನಡುವೆ ಗುಳಿಗೆಯೊಂದಿದ್ದರೆ ಗುಳಿಗೆಯೇ ಕಾರಣವೆಂದು ನೋಡುವವನು ತಾನಾಗಿಯೇ ಊಹಿಸಿಕೊಳ್ಳುವನು. ಇದು ಕಾಕತಾಳೀಯ. ಕಾಗೆ ಕುಳಿತದ್ದೂ ತಾಳೆಯ ಹಣ್ಣು ಬಿದ್ದದ್ದೂ ಒಂದೇ ಕಾಲದಲ್ಲಿ ನಡೆದ ಮಾತ್ರಕ್ಕೆ ಕಾರ್ಯಕಾರಣಭಾವವು ಸಿದ್ಧಿಸದು. ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆಯೊಂದುಂಟು. ಜಾಹೀರಾತುಗಳನ್ನು ಬರೆಯುವ ಕಾಲೀನ್ ಸ್ಜಾಟ್ ಎಂಬಾಕೆಯು, ನಮ್ಮ ನೌಕರರು ನಿಮ್ಮ ಕರೆಗಾಗಿ ಕಾದಿರುವರೆಂಬ ರೂಢಿಯ ಮಾತನ್ನು ತೆಗೆದು, ನೌಕರರು ಬೇರೆ ಕರೆಗಳಲ್ಲಿ ತೊಡಗಿದ್ದರೆ ಮತ್ತೊಮ್ಮೆ ಪ್ರಯತ್ನಿಸಿರೆಂದು ಬದಲಾಯಿಸಿದಳು. ಮಾರಾಟವು ಬಹಳವಾಗಿ ಏರಿತು. ಕೆಲಸವಿಲ್ಲದೆ ಕುಳಿತ ನೌಕರರ ಚಿತ್ರವು ಹೋಗಿ, ಕೊಳ್ಳುವವರ ನೂಕುನುಗ್ಗಲಿನ ಚಿತ್ರವು ಕೇಳುವವನ ಮನಸ್ಸಿನಲ್ಲಿ ಮೂಡಿತು. ಇಷ್ಟು ಜನರು ಕೊಳ್ಳುವಾಗ ವಸ್ತುವು ಒಳ್ಳೆಯದೇ ಇರಬೇಕೆಂದು ಅವನು ತರ್ಕಿಸಿದನು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸರಿಯೇ. ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಬೆಂಕಿಯು ಎಲ್ಲಿಂದ ಬಂದೀತು?

ಮೂರನೆಯದು ಉಪಮಾನ. ಪೊಪೀಲನು 1998 ರಲ್ಲಿ ಮಾಂಸವನ್ನು ಹುರಿಯುವ ಒಲೆಯೊಂದನ್ನು ಮಾರತೊಡಗಿದನು. ಇದಕ್ಕೆ ನಾನೂರು ಡಾಲರು ಕೊಡಬೇಕಾಗಿಲ್ಲವೆಂದು ಮೊದಲುಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ 39.95 ಡಾಲರುಗಳ ನಾಲ್ಕು ಕಂತುಗಳಲ್ಲಿ ನಿಲ್ಲಿಸುತ್ತಿದ್ದನು. ಕೂಡಿಸಿದರೆ ಅದು 159.80 ಡಾಲರು, ಕಿವಿಯಲ್ಲಿ ಉಳಿಯುವುದು ಮಾತ್ರ ಮೂವತ್ತೊಂಬತ್ತು. ಕಂಡ ಹಸುವಿನ ಸಾದೃಶ್ಯದಿಂದ ಕಾಣದ ಗವಯಮೃಗವನ್ನು ತಿಳಿಯುವುದು ಉಪಮಾನವೆಂದು ಶಾಸ್ತ್ರವು ಹೇಳುವುದು. ಇಲ್ಲಿಯಾದರೋ ಹಸುವನ್ನೇ ಯಾರೂ ಕಂಡಿಲ್ಲ. ನಾನೂರು ಡಾಲರೆಂಬ ಬೆಲೆಯು ಮಾರುವವನ ಬಾಯಲ್ಲಿಯೇ ಹುಟ್ಟಿ ಅಲ್ಲಿಯೇ ಲಯವಾದುದು. ತಡೆಯಿರಿ, ಇನ್ನೂ ಉಂಟು ಎಂದು ಹೇಳಿ ಮೇಲೆ ಮೇಲೆ ಉಚಿತವಸ್ತುಗಳನ್ನು ಪೇರಿಸುವುದೂ ಈ ಹೋಲಿಕೆಯನ್ನು ಬಲಪಡಿಸುವುದಕ್ಕಾಗಿಯೇ.

ನಾಲ್ಕನೆಯದು ಶಬ್ದ, ಎಂದರೆ ಆಪ್ತವಾಕ್ಯ. ವಿಷಯವನ್ನು ಯಥಾರ್ಥವಾಗಿ ಬಲ್ಲವನೂ, ಬಲ್ಲುದನ್ನು ಹಾಗೆಯೇ ಹೇಳುವ ಇಚ್ಛೆಯುಳ್ಳವನೂ ಆಪ್ತನು. ಬಿಳಿಯ ಅಂಗಿಯನ್ನು ತೊಟ್ಟವನೂ, ಗುಣಹೊಂದಿದೆನೆಂದು ಕಣ್ಣೀರಿಡುವ ಗೃಹಿಣಿಯೂ, ಹೆಸರಾಂತ ನಟನೂ ಆಪ್ತರ ಸ್ಥಾನದಲ್ಲಿ ಬಂದು ಕುಳಿತುಕೊಳ್ಳುವರು. ಆ ಮಾತಿಗಾಗಿ ಹಣವನ್ನು ಪಡೆದವನಲ್ಲಿ ಎರಡನೆಯ ಲಕ್ಷಣವು ಸಂಶಯಗ್ರಸ್ತವು. ಅನೇಕರಲ್ಲಿ ಮೊದಲನೆಯದೂ ಇಲ್ಲ.

ಹಾಗಾದರೆ ಈ ಜಾಹೀರಾತುಗಳೆಲ್ಲವೂ ಮೋಸವೆ? ಹಾಗೆನ್ನುವುದು ನ್ಯಾಯವಲ್ಲ. ಪೊಪೀಲನ ಉಪಕರಣವು ತರಕಾರಿಯನ್ನು ಹೆಚ್ಚುತ್ತಿದ್ದುದು ನಿಜ. ವೈಟಮಿಕ್ಸ್ ಯಂತ್ರವು ಇಂದಿಗೂ ಅರೆಯುತ್ತಿದೆ. ಕೊಂಡವನು ಮನೆಯಲ್ಲಿ ಪರೀಕ್ಷಿಸಬಲ್ಲ ವಸ್ತುವಿನಲ್ಲಿ ಹಾನಿಯು ಪರಿಮಿತವು. ರೋಗ, ದಾರಿದ್ರ್ಯ, ಸಂತಾನವಿಲ್ಲದ ದುಃಖ ಇವುಗಳಿಗೆ ಪರಿಹಾರವನ್ನು ಮಾರುವಲ್ಲಿಯೇ ಅಪಾಯವು ದೊಡ್ಡದು; ಏಕೆಂದರೆ ಅಲ್ಲಿ ಫಲವು ಕಾಣದಿದ್ದರೆ ಕೊಂಡವನು ವಸ್ತುವನ್ನು ಹಳಿಯದೆ ತನ್ನ ಅದೃಷ್ಟವನ್ನೇ ಹಳಿದುಕೊಳ್ಳುವನು. ಅಮೇರಿಕಾದ ಕೆವಿನ್ ಟ್ರೂಡೋ ಎಂಬವನಿಗೆ 2004 ರಲ್ಲಿ ಪುಸ್ತಕಗಳ ಹೊರತು ಬೇರೆ ವಸ್ತುಗಳನ್ನು ಇಂತಹ ಜಾಹೀರಾತುಗಳಲ್ಲಿ ಮಾರಕೂಡದೆಂದು ನಿಷೇಧವಾಯಿತು. ಬಳಿಕ ದೇಹದ ತೂಕವನ್ನಿಳಿಸುವ ತನ್ನ ಪುಸ್ತಕದ ವಿಷಯದಲ್ಲಿಯೇ ಜನರನ್ನು ತಪ್ಪುದಾರಿಗೆಳೆದು ನ್ಯಾಯಾಲಯದ ಆಜ್ಞೆಯನ್ನು ಮೀರಿದುದಕ್ಕಾಗಿ 2014 ರಲ್ಲಿ ಅವನಿಗೆ ಹತ್ತು ವರ್ಷಗಳ ಸೆರೆಮನೆಯಾಯಿತು.

ನಮ್ಮ ದೇಶದಲ್ಲಿಯೂ ಕಾನೂನಿಗೆ ಕೊರತೆಯಿಲ್ಲ. ಮಾಂತ್ರಿಕ ಪರಿಹಾರಗಳ ಜಾಹೀರಾತುಗಳನ್ನು ತಡೆಯುವ ಕಾಯಿದೆಯು 1954 ರಲ್ಲಿಯೇ ಆಯಿತು. 2019 ರ ಗ್ರಾಹಕ ಸಂರಕ್ಷಣೆಯ ಕಾಯಿದೆಯಂತೆ ತಪ್ಪುದಾರಿಗೆಳೆಯುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೂ, ಅಪರಾಧವು ಮರುಕಳಿಸಿದರೆ ಐವತ್ತು ಲಕ್ಷದವರೆಗೂ ದಂಡ ವಿಧಿಸಬಹುದು. ದೇವತಾಯಂತ್ರಗಳನ್ನು ಟೆಲಿವಿಷನ್ನಿನಲ್ಲಿ ಮಾರುತ್ತಿದ್ದುದರ ವಿಷಯವಾಗಿ ಮಹಾರಾಷ್ಟ್ರದ ಉಪಾಧ್ಯಾಯರೊಬ್ಬರು ನ್ಯಾಯಾಲಯಕ್ಕೆ ಹೋಗಲು, ಬೊಂಬಾಯಿ ಹೈಕೋರ್ಟಿನ ಔರಂಗಾಬಾದ್ ಪೀಠವು 2021 ರ ಜನವರಿಯಲ್ಲಿ, ಅಲೌಕಿಕ ಶಕ್ತಿಯುಂಟೆಂದು ಹೇಳಿ ಇಂತಹ ವಸ್ತುಗಳನ್ನು ಜಾಹೀರುಮಾಡುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಹುಡುಗರಿಗೆ ಪಾಠ ಹೇಳುವವರೊಬ್ಬರು ಈ ಕಾರ್ಯಕ್ಕೆ ಮುಂದಾದುದು ನಮ್ಮ ವೃತ್ತಿಯವರಿಗೆ ಸಂತೋಷದ ವಿಷಯವು.

ಆದರೂ ಕಾನೂನು ಬರುವ ವೇಳೆಗೆ ಹಣವು ಹೋಗಿರುತ್ತದೆ. ಆದಕಾರಣ ಪರೀಕ್ಷೆಯು ಮನೆಯಲ್ಲಿಯೇ ಮೊದಲಾಗಬೇಕು. ಕಂಡದ್ದೇನು, ಊಹಿಸಿದ್ದೇನು, ಬೆಲೆಯನ್ನು ಯಾವುದರೊಡನೆ ಹೋಲಿಸಿದರು, ಹೇಳಿದವನಿಗೆ ಲಾಭವೇನು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವುದಕ್ಕೆ ತರ್ಕಶಾಸ್ತ್ರದ ಅಧ್ಯಯನವೇ ಬೇಕೆಂದಿಲ್ಲ. ಕೆಲವೇ ನಿಮಿಷಗಳೊಳಗೆ ಕರೆಮಾಡಬೇಕೆಂದು ಅವಸರಪಡಿಸುವುದು ಈ ಪ್ರಶ್ನೆಗಳು ಏಳದಿರಲೆಂದೇ. ಒಂದು ರಾತ್ರಿ ತಡೆದು, ಮರುದಿನ ಮನೆಯ ಹಿರಿಯರೂ ಕಿರಿಯರೂ ಕೂಡಿ ಇವನ್ನು ಕೇಳಿಕೊಂಡ ಬಳಿಕವೂ ಬೇಕೆನಿಸಿದ ವಸ್ತುವನ್ನು ಧಾರಾಳವಾಗಿ ಕೊಳ್ಳಬಹುದು.