ತಂತ್ರಾಂಶ ಭದ್ರತಾ ಪಕ್ವತಾ ಮಾದರಿ

ಸುರಕ್ಷಿತ ತಂತ್ರಾಂಶ ಕಟ್ಟುವುದರಲ್ಲಿ ಸಂಸ್ಥೆಯೊಂದು ಎಷ್ಟು ಪಳಗಿದೆಯೆಂದು ಅಳೆದು, ಮುಂದಿನ ಹೆಜ್ಜೆ ತೋರಿಸುವ ಚೌಕಟ್ಟು. ಹೆಸರಾದದ್ದು, ತಂತ್ರಾಂಶ ಭದ್ರತೆಗಾಗಿ ದುಡಿಯುವ ಸಂಸ್ಥೆಯಾದ ಓವಾಸ್ಪ್‌ನ ‘ಸ್ಯಾಮ್’ (2009). ಅದರ 2020ರ ಎರಡನೇ ಆವೃತ್ತಿಯಲ್ಲಿ ಆಡಳಿತ, ವಿನ್ಯಾಸ, ಅನುಷ್ಠಾನ, ಪರಿಶೀಲನೆ, ಕಾರ್ಯಾಚರಣೆ ಎಂಬ 5 ವಿಭಾಗಗಳಿದ್ದು, ಒಟ್ಟು 15 ಅಭ್ಯಾಸಗಳಿಗೆ ತಲಾ 3 ಹಂತಗಳಿವೆ. ಎಲ್ಲದರಲ್ಲೂ ಮೂರನೇ ಹಂತಕ್ಕೇರಬೇಕೆಂದೇನಿಲ್ಲ. ಅಪಾಯ ನೋಡಿ ಗುರಿ ಇಟ್ಟುಕೊಂಡರಾಯಿತು.

ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕು ಕಚೇರಿಗಳ ಪಹಣಿಯ ಹಿಂದಿರುವ ‘ಭೂಮಿ’ ತಂತ್ರಾಂಶವನ್ನೇ ಉದಾಹರಣೆಯಾಗಿ ನೋಡಬಹುದು. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಅದನ್ನು ರೂಪಿಸುವಾಗಲೇ, ಖಾತೆ ಬದಲಿಸುವ ಸಿಬ್ಬಂದಿ ಬೆರಳೊತ್ತಿಯೇ ಒಳಹೋಗುವಂತೆ, ಯಾರು ಏನು ತಿದ್ದಿದರೆಂಬುದು ದಾಖಲಾಗುವಂತೆ ಮಾಡಿತು. ಸ್ಯಾಮ್ ಲೆಕ್ಕದಲ್ಲಿ ಇದು ವಿನ್ಯಾಸದ ಗಟ್ಟಿತನ. ಆದರೆ ಬೀಗವೊಂದೇ ಪಕ್ವತೆಯಲ್ಲ. ಆ ದಾಖಲೆಯನ್ನು ಯಾರಾದರೂ ಆಗಾಗ ತಿರುವಿ ನೋಡುತ್ತಾರೆಯೇ ಎಂಬುದು ಕಾರ್ಯಾಚರಣೆ ವಿಭಾಗದ ಪ್ರಶ್ನೆ.